ಇಬ್ಬರು, ಬೀಗರು, ನೆಗೆಣ್ಣಿಯರು: ಖಾನಾಪುರ ಸೀಮೆಯ ಜೋಡಿಮಾತುಗಳು

ಎರಡನ್ನು ಎರಡೆಂದು ಎಣಿಸುವುದು ಬೇರೆ, ಎರಡನ್ನೂ ಕೂಡಿಸಿ ಒಂದು ಜೋಡಿಯೆಂದು ಹೇಳುವುದು ಬೇರೆ. ಮೊದಲನೆಯದು ಲೆಕ್ಕದ ಕೆಲಸವಾದರೆ ಎರಡನೆಯದು ಸಂಬಂಧದ ಕೆಲಸ. ಆ ಸಂಬಂಧ ಸಮಾನರ ನಡುವಿನದೋ ಹಿರಿಕಿರಿಯರ ನಡುವಿನದೋ, ಹುಟ್ಟಿನಿಂದ ಬಂದದ್ದೋ ಮದುವೆಯಿಂದ ಬಂದದ್ದೋ ಎಂಬುದನ್ನು ಪ್ರತಿಯೊಂದು ಭಾಷೆಯೂ ತನ್ನದೇ ಮಾತುಗಳಲ್ಲಿ ತೀರ್ಮಾನಿಸಿಟ್ಟಿರುತ್ತದೆ. ಬೆಳಗಾವಿ ನಗರ ಮತ್ತು ಅದರ ದಕ್ಷಿಣಕ್ಕೆ ಮಲಪ್ರಭೆಯ ದಂಡೆಯಲ್ಲಿರುವ ಖಾನಾಪುರ ತಾಲ್ಲೂಕು ಇಂಥ ಮಾತುಗಳನ್ನು ಗಮನಿಸುವುದಕ್ಕೆ ಹೇಳಿಮಾಡಿಸಿದ ಪ್ರದೇಶ. ಬೀಡಿ, ಇಟಗಿ, ಕಕ್ಕೇರಿಗಳ ಪೂರ್ವಭಾಗದಲ್ಲಿ ಕನ್ನಡ, ಜಾಂಬೋಟಿ, ಕಣಕುಂಬಿಗಳ ಮಲೆಸೀಮೆಯಲ್ಲಿ ಮರಾಠಿ ಮತ್ತು ಕೊಂಕಣಿ ಹೆಚ್ಚಾಗಿ ಕೇಳಿಬರುತ್ತವೆ. ಸಂತೆಯಲ್ಲಿ, ಬಸ್ಸಿನಲ್ಲಿ, ಅನೇಕ ಮನೆಗಳ ಅಡುಗೆಮನೆಯಲ್ಲಿಯೂ ಈ ಭಾಷೆಗಳು ಒಟ್ಟಿಗೆ ಬಳಕೆಯಲ್ಲಿವೆ. ಹೀಗಾಗಿ ಇಲ್ಲಿ ಒಂದೇ ಜೋಡಿಗೆ ಎರಡು ಹೆಸರುಗಳಿರುವುದು ಸಹಜ, ಮತ್ತು ಆ ಎರಡು ಹೆಸರುಗಳು ಆ ಜೋಡಿಯನ್ನು ಒಂದೇ ರೀತಿಯಲ್ಲಿ ಕಾಣುತ್ತವೆಯೇ ಎಂಬ ಪ್ರಶ್ನೆಯೂ ಸಹಜ.

ವ್ಯಾಕರಣದಲ್ಲಿ ಇಲ್ಲದ ವಚನ

ಸಂಸ್ಕೃತ ವ್ಯಾಕರಣದಲ್ಲಿ ಏಕವಚನ ಮತ್ತು ಬಹುವಚನಗಳ ನಡುವೆ ದ್ವಿವಚನ ಎಂಬ ಮೂರನೆಯದೊಂದು ವಚನವಿದೆ. ಎರಡು ವ್ಯಕ್ತಿಗಳನ್ನೋ ವಸ್ತುಗಳನ್ನೋ ಹೇಳುವಾಗ ನಾಮಪದಕ್ಕೂ ಕ್ರಿಯಾಪದಕ್ಕೂ ಅದರದೇ ಪ್ರತ್ಯಯ ಹತ್ತುತ್ತದೆ. ಅರಬ್ಬಿ ಭಾಷೆಯಲ್ಲಿಯೂ ಯುರೋಪಿನ ಸ್ಲೊವೇನಿಯನ್ ಭಾಷೆಯಲ್ಲಿಯೂ ದ್ವಿವಚನ ಇಂದಿಗೂ ಬಳಕೆಯಲ್ಲಿದೆ. ಸಂಸ್ಕೃತದಲ್ಲಿ ಇದರ ಜೊತೆಗೆ ಏಕಶೇಷ ಎಂಬ ಇನ್ನೊಂದು ವಿಧಾನವೂ ಇದ್ದು, ಅದರಂತೆ ಜೋಡಿಯ ಎರಡು ಪದಗಳಲ್ಲಿ ಒಂದು ಮಾತ್ರ ಉಳಿದು ಎರಡರ ಅರ್ಥವನ್ನೂ ಹೊರುತ್ತದೆ: ‘ಪಿತರೌ’ ಎಂದರೆ ತಾಯಿ ಮತ್ತು ತಂದೆ, ‘ಶ್ವಶುರೌ’ ಎಂದರೆ ಅತ್ತೆ ಮತ್ತು ಮಾವ, ‘ಭ್ರಾತರೌ’ ಎಂದರೆ ಸಹೋದರ ಮತ್ತು ಸಹೋದರಿ ಎಂದೂ ಆಗುತ್ತದೆ. ಪಾಣಿನಿ ಸೂತ್ರ ಹಾಕಿ ಹೇಳಿರುವ ಈ ಮೂರು ಉದಾಹರಣೆಗಳಲ್ಲಿಯೂ ಉಳಿಯುವುದು ಗಂಡಿನ ಹೆಸರು, ಅಳಿಯುವುದು ಹೆಣ್ಣಿನ ಹೆಸರು ಎಂಬುದು ಗಮನಾರ್ಹ.

ಕನ್ನಡದಲ್ಲಿ ವಚನಗಳು ಎರಡೇ. ಕಣ್ಣು, ಕೈ, ಕಿವಿಗಳಂಥ ಹುಟ್ಟುಜೋಡಿಗಳಿಗೂ ‘ಗಳು’ ಎಂಬ ಬಹುವಚನ ಪ್ರತ್ಯಯವೇ ಸಾಕು, ಮಾತಿನಲ್ಲಿ ಅದೂ ಬೇಕಾಗುವುದಿಲ್ಲ. ಆದರೆ ಎರಡೆಂಬ ಅರಿವು ಪದಗಳ ಒಳಗೆ ಸೇರಿಕೊಂಡಿದೆ. ‘ಇರ್’ ಎಂಬ ಹಳೆಯ ರೂಪ ಮುಂದಿನ ವ್ಯಂಜನದೊಡನೆ ಬೆರೆತು ಇಬ್ಬರು, ಇಮ್ಮಡಿ, ಇಕ್ಕೆಲ, ಇಬ್ಬದಿ, ಇಬ್ಬಗೆ, ಇತ್ತಂಡ ಮೊದಲಾದ ಪದಗಳನ್ನು ಕೊಟ್ಟಿದೆ. ಇವುಗಳಲ್ಲಿ ಇತ್ತಂಡ ಎಂದರೆ ಒಂದು ವ್ಯಾಜ್ಯದ ಎರಡೂ ಪಕ್ಷಗಳು, ಅಂದರೆ ಎದುರಾಳಿಗಳನ್ನು ಕೂಡ ಒಂದು ಜೋಡಿಯಾಗಿ ಹಿಡಿದ ಮಾತು. ಸಂಸ್ಕೃತದಿಂದ ಬಂದ ‘ದಂಪತಿ’ ಮೂಲದಲ್ಲಿ ದ್ವಿವಚನದ ರೂಪವಾಗಿದ್ದು, ಮನೆಯ ಇಬ್ಬರು ಒಡೆಯರು ಎಂಬ ಅರ್ಥವನ್ನು ಹೊತ್ತಿದೆ. ಈ ಪದಕ್ಕೆ ಮತ್ತೆ ‘ಗಳು’ ಹಚ್ಚಬೇಕೇ ಬೇಡವೇ ಎಂಬ ಚರ್ಚೆ ಪತ್ರಿಕಾಲಯಗಳಲ್ಲಿ ಇನ್ನೂ ಮುಗಿದಿಲ್ಲ. ದ್ವಿವಚನವಿಲ್ಲದ ಭಾಷೆಗೆ ದ್ವಿವಚನದ ಪದವೊಂದು ಬಂದು ಸೇರಿದರೆ ಆಗುವ ತೊಡಕು ಇದು, ಎರಡೂ ರೂಪಗಳು ರೂಢಿಯಲ್ಲಿ ನಿಂತಿವೆ.

ಎಣಿಕೆಯ ಮಾತಿನಲ್ಲಿ ಖಾನಾಪುರದ ಎರಡು ಭಾಷೆಗಳ ಭೇದ ಸ್ಪಷ್ಟವಾಗಿ ಕಾಣುತ್ತದೆ. ಕನ್ನಡ ಮನುಷ್ಯರಿಗೆ ‘ಇಬ್ಬರು’ ಎಂದೂ ಉಳಿದುದಕ್ಕೆ ‘ಎರಡು’ ಎಂದೂ ಹೇಳಿ, ಮನುಷ್ಯರು ಮತ್ತು ಮನುಷ್ಯೇತರ ಎಂಬ ಒಂದೇ ಗೆರೆ ಎಳೆಯುತ್ತದೆ. ಇಬ್ಬರು ಗಂಡಸರಾಗಲಿ, ಇಬ್ಬರು ಹೆಂಗಸರಾಗಲಿ, ಒಬ್ಬ ಗಂಡಸು ಒಬ್ಬ ಹೆಂಗಸಾಗಲಿ ಪದ ಬದಲಾಗುವುದಿಲ್ಲ. ಮರಾಠಿಯಾದರೋ ಗಂಡಸರಿಬ್ಬರನ್ನು ‘ದೋಘೇ’ ಎಂದೂ ಹೆಂಗಸರಿಬ್ಬರನ್ನು ‘ದೋಘೀ’ ಎಂದೂ ಲಿಂಗ ನೋಡಿ ಬೇರ್ಪಡಿಸುತ್ತದೆ. ಇನ್ನು ಬೆಳಗಾವಿಯ ಆಡುಗನ್ನಡದಲ್ಲಿ ಮೂವರು, ನಾಲ್ವರು ಎಂಬ ಬರಹದ ರೂಪಗಳು ಹಿಂದೆ ಸರಿದು ‘ಮೂರು ಮಂದಿ’, ‘ನಾಕು ಮಂದಿ’ ಎಂಬ ಬಳಕೆಯೇ ಹೆಚ್ಚಾಗಿದ್ದರೂ ‘ಎರಡು ಮಂದಿ’ ಎಂಬ ಮಾತು ‘ಇಬ್ಬರು’ ಎಂಬುದನ್ನು ಹೊರಹಾಕಲು ಆಗಿಲ್ಲ. ಮೂರರಿಂದ ಮುಂದೆ ಜನ ಮಂದಿಯಾಗುತ್ತಾರೆ, ಎರಡಕ್ಕೆ ಮಾತ್ರ ಅದರದೇ ಪದ ಉಳಿದಿದೆ.

ನೊಗದ ಜೋಡಿ, ಕಾಲಿನ ಜೋಡು

ಈ ಸೀಮೆಯ ದಿನಬಳಕೆಯಲ್ಲಿ ಅತಿ ಹೆಚ್ಚು ಕೆಲಸ ಮಾಡುವ ಪದವೆಂದರೆ ‘ಜೋಡಿ’. ಮರಾಠಿ ಮತ್ತು ಕನ್ನಡ ಎರಡಕ್ಕೂ ಸಾಮಾನ್ಯವಾದ ಈ ಪದ ಬೆಳಗಾವಿ-ಧಾರವಾಡದ ಕನ್ನಡದಲ್ಲಿ ನಾಮಪದವಾಗಿ ಮಾತ್ರ ಉಳಿಯದೆ ‘ಜೊತೆಗೆ’ ಎಂಬ ಅರ್ಥದ ಅವ್ಯಯವೂ ಆಗಿದೆ: ‘ಅವ್ವನ ಜೋಡಿ ಸಂತಿಗೆ ಹೋದಳು’ ಎಂಬ ವಾಕ್ಯದಲ್ಲಿ ಜೋಡಿ ಎಂಬುದು ವಸ್ತುವಿನ ಹೆಸರಲ್ಲ, ಸಹಯೋಗದ ಸೂಚನೆ. ಇದರ ಸೋದರ ರೂಪವಾದ ‘ಜೋಡು’ ಕನ್ನಡದಲ್ಲಿ ಪಾದರಕ್ಷೆ ಎಂಬ ಅರ್ಥವನ್ನು ಪಡೆದಿದೆ. ಮರಾಠಿಯ ‘ಜೋಡಾ’ ಕೂಡ ಪಾದರಕ್ಷೆಯೇ ಆಗಿದ್ದು, ಅದೇ ಪದ ಗಂಡಹೆಂಡಿರ ಜೋಡಿಗೂ ಸಲ್ಲುತ್ತದೆ. ಒಂದು ಕಾಲಿನದು ಕಳೆದರೆ ಇನ್ನೊಂದು ನಿರುಪಯೋಗಿಯಾಗುವ ವಸ್ತುವಿಗೆ ಜೋಡಿ ಎಂಬ ಪದವೇ ಹೆಸರಾಗಿ ನಿಂತದ್ದು ಯುಕ್ತವಾಗಿಯೇ ಇದೆ.

ಒಕ್ಕಲುತನದಲ್ಲಿ ಜೋಡಿ ಎಂದರೆ ಎತ್ತು. ರೈತನ ಅನುಕೂಲವನ್ನು ಹಿಂದೆ ಎಕರೆಯಲ್ಲಿ ಮಾತ್ರವಲ್ಲದೆ ಎಷ್ಟು ಜೋಡಿ ಎತ್ತುಗಳಿವೆ ಎಂಬುದರಿಂದಲೂ ಅಳೆಯುತ್ತಿದ್ದರು; ನೊಗದ ಎಡಕ್ಕೆ ರೂಢಿಯಾದ ಎತ್ತನ್ನು ಬಲಕ್ಕೆ ಹೂಡಿದರೆ ಅದು ಸುಲಭವಾಗಿ ಎಳೆಯುವುದಿಲ್ಲವಾದ್ದರಿಂದ ಜೋಡಿಯೆಂದರೆ ಯಾವುದೋ ಎರಡು ಎತ್ತುಗಳಲ್ಲ, ಎತ್ತರ, ನಡಿಗೆ, ಮಗ್ಗುಲು ಹೊಂದಿದ ಎರಡು ಎತ್ತುಗಳು. 1969ರ ವಿಭಜನೆಯವರೆಗೆ ಕಾಂಗ್ರೆಸ್ ಪಕ್ಷದ ಚುನಾವಣಾ ಚಿಹ್ನೆ ನೊಗ ಹೊತ್ತ ಜೋಡೆತ್ತು ಆಗಿದ್ದುದರಿಂದ ಈ ಚಿತ್ರ ಅಕ್ಷರ ಬಾರದವರಿಗೂ ಪರಿಚಿತವಾಗಿತ್ತು. ಮುಂಗಾರಿನ ಹೊತ್ತಿಗೆ ಬರುವ ಮಣ್ಣೆತ್ತಿನ ಅಮಾವಾಸ್ಯೆಯಂದು ಉತ್ತರ ಕರ್ನಾಟಕದ ಮನೆಗಳಲ್ಲಿ ಕುಂಬಾರರಿಂದ ತಂದ ಅಥವಾ ಹೊಲದ ಮಣ್ಣಿನಿಂದ ಮಾಡಿದ ಎತ್ತುಗಳನ್ನು ಪೂಜಿಸುತ್ತಾರೆ. ಅಂದು ಒಂಟಿ ಎತ್ತನ್ನು ಯಾರೂ ಮನೆಗೆ ತರುವುದಿಲ್ಲ. ಎರಡು ಎತ್ತು, ಅವುಗಳ ಮುಂದೆ ಮೇವಿಡುವ ಮಣ್ಣಿನದೇ ಗೋದಲಿ, ಇಷ್ಟು ಸೇರಿದರೆ ಪೂಜೆಯ ಘಟಕ ಪೂರ್ಣವಾಗುತ್ತದೆ. ಮಡಕೆ ಮತ್ತು ಹಂಚಿನ ಕೆಲಸಕ್ಕೆ ಹೆಸರಾದ ಖಾನಾಪುರದಲ್ಲಿ ಈ ಹಬ್ಬ ಕುಂಬಾರಿಕೆಯ ಕಸುಬಿಗೂ ಸಂಬಂಧಿಸಿದ್ದಾಗಿದೆ.

ಅವಳಿ ಮಕ್ಕಳನ್ನು ಕನ್ನಡದಲ್ಲಿ ‘ಅವಳಿಜವಳಿ’ ಎನ್ನುವುದುಂಟು. ಅವಳಿ ಎಂಬ ಪದ ಒಂದೇ ಸಾಲದೆಂಬಂತೆ ಅದಕ್ಕೂ ಒಂದು ಜೊತೆ ಒದಗಿಸಿದ ಮಾತು ಇದು. ಮರಾಠಿಯಲ್ಲಿ ಅವರು ‘ಜುಳೇ’. ಹುಬ್ಬಳ್ಳಿ-ಧಾರವಾಡಗಳನ್ನು ಅವಳಿ ನಗರ ಎನ್ನುವ ರೂಢಿಯಿಂದಾಗಿ ಈ ಪದ ಆಡಳಿತದ ಭಾಷೆಯಲ್ಲಿಯೂ ನೆಲೆಯೂರಿದೆ.

ಮದುವೆ ಕಟ್ಟಿದ ಜೋಡಿಗಳು

ಜೋಡಿಮಾತುಗಳ ನಿಜವಾದ ಸಂಪತ್ತು ಇರುವುದು ನಂಟಸ್ತಿಕೆಯಲ್ಲಿ. ಅತ್ತೆ-ಸೊಸೆ, ಮಾವ-ಅಳಿಯ, ನಾದಿನಿ-ವೈನಿ ಮೊದಲಾದ ಜೋಡಿಗಳಲ್ಲಿ ಇಬ್ಬರಿಗೂ ಬೇರೆಬೇರೆ ಹೆಸರು, ಬೇರೆಬೇರೆ ಸ್ಥಾನ. ಅದರ ಬದಲು ಇಬ್ಬರೂ ಪರಸ್ಪರರನ್ನು ಒಂದೇ ಪದದಿಂದ ಗುರುತಿಸುವ ಸಮಜೋಡಿಗಳು ಕೆಲವಿದ್ದು, ಅವುಗಳಲ್ಲಿ ಮೂರು ಮುಖ್ಯವಾದವು. ಮದುಮಕ್ಕಳ ತಂದೆತಾಯಿಗಳು ಒಬ್ಬರಿಗೊಬ್ಬರು ‘ಬೀಗರು’, ಹೆಂಗಸಾದರೆ ‘ಬೀಗತಿ’, ಅಣ್ಣತಮ್ಮಂದಿರ ಹೆಂಡಿರು ಉತ್ತರ ಕರ್ನಾಟಕದಲ್ಲಿ ಪರಸ್ಪರ ‘ನೆಗೆಣ್ಣಿ’ಯರು, ದಕ್ಷಿಣದಲ್ಲಿ ‘ಓರಗಿತ್ತಿ’ ಅಥವಾ ‘ವಾರಗಿತ್ತಿ’ಯರು, ಅಕ್ಕತಂಗಿಯರ ಗಂಡಂದಿರು ‘ಷಡ್ಡಕ’ರು. ಮರಾಠಿಯಲ್ಲಿ ಇದೇ ಮೂರು ಸ್ಥಾನಗಳಿಗೆ ಕ್ರಮವಾಗಿ ‘ವ್ಯಾಹೀ’ ಮತ್ತು ‘ವಿಹೀಣ್’, ‘ಜಾವೂ’, ‘ಸಾಡೂ’ ಎಂಬ ಪದಗಳಿವೆ. ಇಂಗ್ಲಿಷಿನಲ್ಲಿ ಬೀಗರಿಗೆ ಒಂಟಿ ಪದವೇ ಇಲ್ಲ. ಸ್ಪ್ಯಾನಿಷಿನಲ್ಲಿ ‘ಕೊನ್‌ಸ್ವೇಗ್ರೊ’ ಇದೆ, ತಮಿಳಿನಲ್ಲಿ ‘ಸಂಬಂಧಿ’ ಇದೆ.

ಈ ಮೂರು ಪದಗಳ ವಿಶೇಷವೆಂದರೆ ಅವು ಹೆಸರಿಸುವ ಇಬ್ಬರ ನಡುವೆ ರಕ್ತಸಂಬಂಧವೂ ಇರಬೇಕಾಗಿಲ್ಲ, ಪರಸ್ಪರ ಆಯ್ಕೆಯೂ ಇರುವುದಿಲ್ಲ. ಬೇರೆ ಇಬ್ಬರು ಮದುವೆಯಾದುದರಿಂದ ಇವರು ಜೋಡಿಯಾಗಿದ್ದಾರೆ. ಆದುದರಿಂದಲೇ ಈ ಜೋಡಿಗೆ ಒಂದು ಹೆಸರು ಬೇಕಾಯಿತು. ಹೆಸರಿಲ್ಲದಿದ್ದರೆ ಒಂದೇ ಚಾವಡಿಯಲ್ಲಿ ಎದುರಾಗುವ ಇಬ್ಬರು ಅಪರಿಚಿತರಿಗೆ ಒಬ್ಬರು ಇನ್ನೊಬ್ಬರಿಗೆ ಏನು ಸಲ್ಲಿಸಬೇಕೆಂಬುದು ತಿಳಿಯುತ್ತಿರಲಿಲ್ಲ. ‘ಓರಗಿತ್ತಿ’ ಎಂಬಲ್ಲಿನ ‘ಓರಗೆ’ಗೆ ಸಮಾನತೆ, ಸರಿಸಾಟಿ ಎಂಬ ಅರ್ಥವಿದ್ದು, ಒಂದು ಮನೆಗೆ ಸೊಸೆಯಾಗಿ ಬಂದ ಇಬ್ಬರ ನಡುವೆ ತಕ್ಕಡಿ ಸಮನಾಗಿರಬೇಕೆಂಬ ಅಪೇಕ್ಷೆಯನ್ನು ಪದವೇ ಹೇಳುತ್ತದೆ.

ಪದ ಸಮಾನತೆಯನ್ನು ಹೇಳಿದರೂ ರೂಢಿ ಹಾಗೆ ನಡೆಯುವುದಿಲ್ಲ ಎಂಬುದನ್ನು ಕೂಡ ಇದೇ ಮಾತುಗಳು ಬಯಲು ಮಾಡುತ್ತವೆ. ನೆಗೆಣ್ಣಿ ಎಂಬುದು ಮೂರನೆಯವರಿಗೆ ಪರಿಚಯಿಸುವಾಗ ಬಳಸುವ ಪದವೇ ಹೊರತು ಎದುರಾಎದುರು ಕರೆಯುವ ಪದವಲ್ಲ. ಕಿರಿಯ ಸೊಸೆ ಹಿರಿಯಳನ್ನು ‘ಅಕ್ಕಾ’ ಎಂದು ಕರೆಯುತ್ತಾಳೆ, ಹಿರಿಯಳು ಕಿರಿಯಳ ಹೆಸರು ಹಿಡಿದು ಕರೆಯುತ್ತಾಳೆ. ಮರಾಠಿಯಲ್ಲಿ ‘ಥೋರಲೀ ಜಾವೂ’, ‘ಧಾಕಟೀ ಜಾವೂ’ ಎಂದು ಪದದ ಹಿಂದೆಯೇ ಹಿರಿಕಿರಿತನ ಅಂಟಿಕೊಳ್ಳುತ್ತದೆ. ಬೀಗರ ವಿಷಯದಲ್ಲಿಯೂ ಹೆಣ್ಣಿನವರಿಗೂ ಗಂಡಿನವರಿಗೂ ಪದ ಒಂದೇ ಆಗಿದ್ದರೂ ಮದುವೆಯ ಮನೆಯಲ್ಲಿ ಗಂಡಿನ ಕಡೆಯ ಬೀಗರ ಮರ್ಯಾದೆ ಹೆಚ್ಚು. ಮರಾಠಿ ಮನೆಗಳಲ್ಲಿ ವರನ ತಾಯಿಗಾಗಿ ‘ವಿಹಿಣೀಚೀ ಪಂಗತ್’ ಎಂಬ ಪ್ರತ್ಯೇಕ ಊಟದ ಸಾಲೇ ಇರುತ್ತದೆ. ಕನ್ನಡದ ಬೀಗರ ಹಾಡುಗಳಲ್ಲಾದರೋ ಹೆಣ್ಣುಮಕ್ಕಳು ಎದುರು ಪಕ್ಷದವರ ಉಡುಗೆ, ಊಟ, ಜಿಪುಣತನಗಳನ್ನು ಮುಖಕ್ಕೆ ಹಿಡಿದು ಹಾಸ್ಯ ಮಾಡಿ ಆ ಏರುಪೇರನ್ನು ಒಂದು ದಿನದ ಮಟ್ಟಿಗೆ ಸರಿಮಾಡಿಕೊಳ್ಳುತ್ತಾರೆ.

ಸೋದರಸಂಬಂಧದ ಮದುವೆಗಳಲ್ಲಿ ಈ ಜೋಡಿಗಳು ಒಂದರ ಮೇಲೊಂದು ಬೀಳುತ್ತವೆ. ಸೋದರಮಾವನ ಮಗಳನ್ನೋ ಸೋದರತ್ತೆಯ ಮಗನನ್ನೋ ಮದುವೆಯಾಗುವ ಪದ್ಧತಿಯಿರುವ ಕನ್ನಡ ಕುಟುಂಬಗಳಲ್ಲಿ ಅಣ್ಣತಂಗಿಯರೇ ಬೀಗರಾಗುತ್ತಾರೆ. ತಂದೆಯ ತಂಗಿಗೂ ಗಂಡನ ತಾಯಿಗೂ ‘ಅತ್ತೆ’ ಎಂಬ ಒಂದೇ ಪದ, ತಾಯಿಯ ತಮ್ಮನಿಗೂ ಗಂಡನ ತಂದೆಗೂ ‘ಮಾವ’ ಎಂಬ ಒಂದೇ ಪದ ಇರುವುದರಿಂದ ಮದುವೆಯಾದ ಮೇಲೆ ಹುಡುಗಿ ಯಾರನ್ನೂ ಹೊಸ ಹೆಸರಿನಿಂದ ಕರೆಯಬೇಕಾಗುವುದಿಲ್ಲ. ಮರಾಠಿಯಲ್ಲಿ ‘ಆತ್ಯಾ’ ಬೇರೆ ‘ಸಾಸೂ’ ಬೇರೆ, ‘ಮಾಮಾ’ ಬೇರೆ ‘ಸಾಸರಾ’ ಬೇರೆ. ಆದರೂ ಮಹಾರಾಷ್ಟ್ರದ ಹಲವು ಸಮುದಾಯಗಳಲ್ಲಿ ಸೋದರಮಾವನ ಮಗಳೊಡನೆ ಮದುವೆ ಒಪ್ಪಿತವಾಗಿರುವುದನ್ನು ಗಮನಿಸಿದ ಸಮಾಜಶಾಸ್ತ್ರಜ್ಞೆ ಇರಾವತಿ ಕರ್ವೆ, ಭಾರತದ ಬಂಧುತ್ವ ವ್ಯವಸ್ಥೆಯನ್ನು ಕುರಿತು 1953ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮಹಾರಾಷ್ಟ್ರವನ್ನು ಉತ್ತರ ಮತ್ತು ದಕ್ಷಿಣದ ಪದ್ಧತಿಗಳು ಸಂಧಿಸುವ ಪ್ರದೇಶವಾಗಿ ಕಂಡರು. ಖಾನಾಪುರ ಆ ಸಂಧಿಯ ದಕ್ಷಿಣದ ಅಂಚಿನಲ್ಲಿದೆ.

ಹೆತ್ತವರು ಮತ್ತು ಮಕ್ಕಳನ್ನು ಒಟ್ಟಿಗೆ ಹೇಳುವುದರಲ್ಲಿ ಮರಾಠಿಗೆ ಒಂದು ಅನುಕೂಲವಿದೆ. ತಂದೆ ಮತ್ತು ಮಗ ‘ಬಾಪ್‌ಲೇಕ್’, ತಾಯಿ ಮತ್ತು ಮಗಳು ‘ಮಾಯ್‌ಲೇಕೀ’ ಎಂಬ ಅಡಕವಾದ ರೂಪಗಳು ಅದರಲ್ಲಿದ್ದು, ಐಸ್‌ಲ್ಯಾಂಡಿನ ಭಾಷೆಯಲ್ಲಿ ತಂದೆ-ಮಗ, ತಂದೆ-ಮಗಳು, ತಾಯಿ-ಮಗ, ತಾಯಿ-ಮಗಳು ಎಂಬ ನಾಲ್ಕು ಜೋಡಿಗಳಿಗೂ ನಾಲ್ಕು ಬಿಡಿಪದಗಳಿರುವುದನ್ನು ಇವು ನೆನಪಿಗೆ ತರುತ್ತವೆ. ಆಸ್ಟ್ರೇಲಿಯಾದ ಮೂಲನಿವಾಸಿಗಳ ಕಾಯರ್‌ಡಿಲ್ಡ್ ಭಾಷೆಯಲ್ಲಂತೂ ಬಂಧುವಾಚಕಕ್ಕೆ ಒಂದು ಪ್ರತ್ಯಯ ಹಚ್ಚಿದರೆ ಆ ಬಂಧುವೂ ಅವರ ಎದುರು ಬಂಧುವೂ ಕೂಡಿದ ಜೋಡಿ ಎಂಬ ಅರ್ಥ ಬರುತ್ತದೆ. ಕನ್ನಡದ ‘ತಾಯಿಮಗಳು’, ‘ಅಪ್ಪಮಕ್ಕಳು’ ಇಷ್ಟು ಅಡಕವಲ್ಲ. ಆದರೆ ಒಡಹುಟ್ಟಿದವರ ವಿಷಯದಲ್ಲಿ ಕನ್ನಡದ ನಿಖರತೆ ಹೆಚ್ಚು: ಮರಾಠಿಯ ‘ಬಹೀಣ್‌ಭಾವೂ’ ಇಬ್ಬರಲ್ಲಿ ಹಿರಿಯರು ಯಾರೆಂದು ಹೇಳುವುದಿಲ್ಲ, ಕನ್ನಡದಲ್ಲಿ ಅಕ್ಕತಮ್ಮ ಅಥವಾ ಅಣ್ಣತಂಗಿ ಎಂದು ಆರಿಸಿಕೊಳ್ಳದೆ ಬಾಯಿ ತೆರೆಯುವಂತಿಲ್ಲ.

ಯಾರ ಹೆಸರು ಮೊದಲು ಎಂಬುದೂ ಜೋಡಿಮಾತಿನ ಒಂದು ಅಂಗವೇ. ಮದುವೆಯ ಆಮಂತ್ರಣ ಪತ್ರಿಕೆಗಳಲ್ಲಿ ಕನ್ನಡದ ರೂಢಿ ‘ಶ್ರೀಮತಿ ಮತ್ತು ಶ್ರೀ’ ಎಂದು ಹೆಂಡತಿಯನ್ನು ಮುಂದಿಡುತ್ತದೆ, ಮರಾಠಿಯ ರೂಢಿ ‘ಶ್ರೀ ವ ಸೌ.’ ಎಂದು ಗಂಡನನ್ನು ಮುಂದಿಡುತ್ತದೆ. ಆದರೆ ಹೆತ್ತವರನ್ನು ಹೇಳುವಾಗ ಮರಾಠಿಯ ‘ಆಈವಡೀಲ್’ ತಾಯಿಯಿಂದಲೇ ಆರಂಭವಾಗುತ್ತದೆ. ಗಂಡಹೆಂಡಿರು ಪರಸ್ಪರರ ಹೆಸರು ಹೇಳುವಂತಿಲ್ಲವೆಂಬ ಕಟ್ಟನ್ನು ಮದುವೆಯ ದಿನ ಪ್ರಾಸಬದ್ಧ ನುಡಿಗಳಿಂದ ಸಡಿಲಿಸುವ ವಿನೋದ ಎರಡೂ ಭಾಷೆಗಳಲ್ಲಿದೆ. ಕನ್ನಡದಲ್ಲಿ ಅದು ‘ಒಡಪು’, ಮರಾಠಿಯಲ್ಲಿ ‘ಉಖಾಣಾ’.

ಮಾತಿಗೊಂದು ಮರುಮಾತು, ಊರಿಗೊಂದು ಜೊತೆಯೂರು

ಎರಡು ಪದಗಳನ್ನು ಕೂಡಿಸಿ ಹೇಳುವ ಜೋಡುನುಡಿಗಳಲ್ಲಿ ಕನ್ನಡ ಶ್ರೀಮಂತವಾಗಿದೆ. ಹೊಲಮನಿ, ದನಕರು, ಕಾಳುಕಡಿ, ಕಾಯಿಪಲ್ಲೆ ಮೊದಲಾದವುಗಳಲ್ಲಿ ಎರಡು ಬಿಡಿ ವಸ್ತುಗಳ ಹೆಸರು ಕೂಡಿ ಒಂದು ವರ್ಗದ ಹೆಸರಾಗುತ್ತದೆ. ‘ಬಂಧುಬಳಗ’ದಲ್ಲಿ ಸಂಸ್ಕೃತದ ಪದದ ಮಗ್ಗುಲಿಗೆ ಕನ್ನಡದ ಪದ, ‘ಕಾಗದಪತ್ರ’ದಲ್ಲಿ ಫಾರಸಿ ಪದದ ಮಗ್ಗುಲಿಗೆ ಸಂಸ್ಕೃತದ ಪದ ಬಂದು, ಹೊರಗಿನಿಂದ ಬಂದ ಪದವನ್ನು ಪರಿಚಿತ ಪದ ಕೈಹಿಡಿದು ಕರೆತರುತ್ತದೆ. ಇನ್ನು ಅರ್ಥವಿಲ್ಲದ ಮರುಮಾತನ್ನು ಜೋಡಿಸುವ ಪ್ರತಿಧ್ವನಿಪದಗಳಲ್ಲಿ ಕನ್ನಡ ‘ಗಿ’ಕಾರವನ್ನು ಬಳಸಿ ‘ಊಟಗೀಟ’, ‘ಪುಸ್ತಕಗಿಸ್ತಕ’ ಎಂದರೆ, ಮರಾಠಿ ‘ಬಿ’ಕಾರವನ್ನು ಬಳಸಿ ‘ಜೇವಣ್‌ಬಿವಣ್’, ‘ಚಹಾಬಿಹಾ’ ಎನ್ನುತ್ತದೆ. ಬೇರೆಬೇರೆ ಕುಲದ ಭಾರತೀಯ ಭಾಷೆಗಳಲ್ಲಿ ಒಂದೇ ಬಗೆಯ ಇಂಥ ಲಕ್ಷಣಗಳು ಕಾಣಸಿಗುವುದನ್ನು ಆಧರಿಸಿ ಭಾಷಾವಿಜ್ಞಾನಿ ಎಮೆನೊ 1956ರಲ್ಲಿ ಭಾರತವನ್ನು ಒಂದು ಭಾಷಾ ವಲಯವೆಂದು ಕರೆದರು. ಬೆಳಗಾವಿಗೆ ಉತ್ತರದ ಸಾಂಗ್ಲಿ ಜಿಲ್ಲೆಯ ಕುಪವಾಡ ಗ್ರಾಮವನ್ನು ಅಭ್ಯಸಿಸಿ 1971ರಲ್ಲಿ ಪ್ರಬಂಧ ಪ್ರಕಟಿಸಿದ ಗಂಪರ್ಜ್ ಮತ್ತು ವಿಲ್ಸನ್, ಅಲ್ಲಿನ ಕನ್ನಡ, ಮರಾಠಿ, ಉರ್ದು ಭಾಷೆಗಳ ವಾಕ್ಯರಚನೆ ಬಹುಮಟ್ಟಿಗೆ ಒಂದಾಗಿದ್ದರೂ ಪದಗಳು ಬೇರೆಯಾಗಿಯೇ ಉಳಿದಿರುವುದನ್ನು ತೋರಿಸಿದರು. ನೆಗೆಣ್ಣಿ ಮತ್ತು ಜಾವೂ, ಬೀಗ ಮತ್ತು ವ್ಯಾಹೀ ಇಲ್ಲಿ ಇರುವುದೂ ಹೀಗೆಯೇ: ಸ್ಥಾನ ಒಂದು, ಹೆಸರು ಎರಡು.

ಊರುಗಳೂ ಇಲ್ಲಿ ಜೋಡಿಯಾಗಿ ಹೆಸರು ಪಡೆದಿವೆ. ಖಾನಾಪುರ ತಾಲ್ಲೂಕಿನಲ್ಲಿ ಹಿರೇಹಟ್ಟಿಹೊಳಿ ಮತ್ತು ಚಿಕ್ಕಹಟ್ಟಿಹೊಳಿ, ಹಿರೇಮುನವಳ್ಳಿ ಮತ್ತು ಚಿಕ್ಕಮುನವಳ್ಳಿ ಇವೆ. ಬೆಳಗಾವಿ ನಗರಕ್ಕೆ ಹತ್ತಿರದ ಕಂಗ್ರಾಳಿ ಎರಡಾಗಿ, ಕಂಗ್ರಾಳಿ ಬಿ.ಕೆ. ಮತ್ತು ಕಂಗ್ರಾಳಿ ಕೆ.ಎಚ್. ಎಂದು ದಾಖಲೆಗಳಲ್ಲಿಯೂ ಬಸ್ಸಿನ ಫಲಕಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ. ಈ ಅಕ್ಷರಗಳು ಬುದ್ರುಕ್ ಮತ್ತು ಖುರ್ದ್ ಎಂಬವುಗಳ ಸಂಕ್ಷೇಪ; ಫಾರಸಿ ಮೂಲದ ಈ ಪದಗಳಿಗೆ ಹಿರಿದು ಮತ್ತು ಕಿರಿದು ಎಂಬ ಅರ್ಥವಿದ್ದು, ಕನ್ನಡದ ಹಿರೇ-ಚಿಕ್ಕಗಳು ಮಾಡುವ ಕೆಲಸವನ್ನೇ ಮರಾಠಿ ಆಡಳಿತದ ಕಡೆಯಿಂದ ಬಂದ ಇವು ಮಾಡುತ್ತವೆ. ಒಂದೂರಿನ ಹೆಸರು ಕೇಳಿದರೆ ಇನ್ನೊಂದೂರು ಇದೆಯೆಂದು ತಿಳಿಯುತ್ತದೆ, ಆದರೆ ನೆಗೆಣ್ಣಿಯರಂತೆ ಇವು ಸಮಜೋಡಿಗಳಲ್ಲ.

ಕದಂಬರ ಶಾಸನಗಳಲ್ಲಿ ಪಲಾಶಿಕಾ ಎಂದು ಹೆಸರಾದ ಹಲಸಿ ಇದೇ ತಾಲ್ಲೂಕಿನಲ್ಲಿದೆ. ಅಲ್ಲಿನ ಭೂವರಾಹ ನರಸಿಂಹ ದೇವಾಲಯದಲ್ಲಿ ಎರಡು ಗರ್ಭಗುಡಿಗಳು ಎದುರುಬದುರಾಗಿ ನಿಂತಿದ್ದು, ಎರಡು ಮೂರ್ತಿಗಳ ಹೆಸರು ಕೂಡಿಯೇ ಗುಡಿಯ ಹೆಸರಾಗಿದೆ. 12ನೇ ಶತಮಾನದಲ್ಲಿ ಈ ಸೀಮೆಯನ್ನು ಆಳಿದ ಗೋವೆಯ ಕದಂಬರಲ್ಲಿ ಶಿವಚಿತ್ತ ಪೆರ್ಮಾಡಿ ಮತ್ತು ವಿಷ್ಣುಚಿತ್ತ ವಿಜಯಾದಿತ್ಯ ಎಂಬ ಅಣ್ಣತಮ್ಮಂದಿರು ಒಟ್ಟಾಗಿ ರಾಜ್ಯವಾಳಿದರು. ಒಬ್ಬನ ಬಿರುದಿನಲ್ಲಿ ಶಿವ, ಇನ್ನೊಬ್ಬನ ಬಿರುದಿನಲ್ಲಿ ವಿಷ್ಣು ಇರುವುದರಿಂದ ಈ ಎರಡು ಹೆಸರುಗಳೂ ಜೊತೆಯಾಗಿ ಓದಿದಾಗ ಹೆಚ್ಚು ಅರ್ಥ ಕೊಡುತ್ತವೆ. ಶಿವಚಿತ್ತನ ರಾಣಿ ಕಮಲಾದೇವಿ ಕಿತ್ತೂರಿನ ಬಳಿಯ ದೇಗಾಂವಿಯಲ್ಲಿ ಕಟ್ಟಿಸಿದ ದೇವಾಲಯಕ್ಕೆ ಕಮಲನಾರಾಯಣ ಎಂಬ ಹೆಸರು ಬಂದಿದ್ದು, ಅಲ್ಲಿ ಲಕ್ಷ್ಮೀನಾರಾಯಣರ ಜೋಡಿಯೊಳಗೆ ರಾಣಿಯ ಹೆಸರೂ ಸೇರಿಕೊಂಡಿದೆ.

ಕಳೆಯುತ್ತಿರುವ ಪದಗಳು

ಇಷ್ಟೆಲ್ಲ ಬೆಳೆದ ಈ ಪದಸಂಪತ್ತಿನಲ್ಲಿ ಮೊದಲು ಸವೆಯುತ್ತಿರುವುದು ನಂಟಸ್ತಿಕೆಯ ಸಮಜೋಡಿಗಳೇ. ಬೆಳಗಾವಿಯ ಹೊಸ ಬಡಾವಣೆಗಳಲ್ಲಿ ವಿಭಕ್ತ ಕುಟುಂಬಗಳಾಗಿ ಬದುಕುವವರ ಮಾತಿನಲ್ಲಿ ನೆಗೆಣ್ಣಿ ‘ಕೋ-ಸಿಸ್ಟರ್’ ಆಗಿದ್ದಾಳೆ, ಷಡ್ಡಕ ‘ಕೋ-ಬ್ರದರ್’ ಆಗಿದ್ದಾನೆ. ಇಬ್ಬರು ಸೊಸೆಯಂದಿರು ಒಂದೇ ಒಲೆಯ ಮುಂದೆ ಕೂಡುವ ಸಂದರ್ಭ ಕಡಿಮೆಯಾದಂತೆ ಆ ಸ್ಥಾನಕ್ಕಿದ್ದ ಹೆಸರಿನ ಅಗತ್ಯವೂ ಕಡಿಮೆಯಾಗುತ್ತದೆ. ಒಂದೇ ಮಗುವಿನ ಮನೆಗಳಲ್ಲಿ ಮುಂದಿನ ತಲೆಮಾರಿಗೆ ನೆಗೆಣ್ಣಿಯೂ ಇರುವುದಿಲ್ಲ, ಷಡ್ಡಕನೂ ಇರುವುದಿಲ್ಲ. ‘ಬೀಗರು’ ಮಾತ್ರ ಗಟ್ಟಿಯಾಗಿ ಉಳಿದಿದೆ, ಏಕೆಂದರೆ ಒಂದೇ ಮಗುವಿದ್ದರೂ ಮದುವೆಯಾದರೆ ಬೀಗರು ಬಂದೇ ಬರುತ್ತಾರೆ.

ಕಿಟ್ಟೆಲರ ಕನ್ನಡ ಕೋಶ 1894ರಲ್ಲಿ, ಮೋಲ್ಸ್‌ವರ್ತರ ಮರಾಠಿ ಕೋಶ 1831ರಲ್ಲಿ ಪ್ರಕಟವಾದವು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು 1970ರಿಂದ 1995ರವರೆಗೆ ಹೊರಬಂದಿತು. ಇವು ಒಂದೊಂದು ಭಾಷೆಯ ಕೋಶಗಳೇ ಹೊರತು ಒಂದೇ ಮನೆಯಲ್ಲಿ ಎರಡು ಭಾಷೆಗಳು ಹಂಚಿಕೊಂಡ ಸ್ಥಾನಗಳ ಕೋಶಗಳಲ್ಲ. ಖಾನಾಪುರ ತಾಲ್ಲೂಕಿನ ಕನ್ನಡ ಮತ್ತು ಮರಾಠಿ ಶಾಲೆಗಳ ಶಿಕ್ಷಕರು, 2010ರಲ್ಲಿ ಆರಂಭವಾದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಭಾಷಾ ವಿದ್ಯಾರ್ಥಿಗಳು ಮನಸ್ಸು ಮಾಡಿದರೆ ಇಂಥದೊಂದು ಕೋಶ ಕಷ್ಟದ ಕೆಲಸವೇನಲ್ಲ: ಊರೂರಿನ ಹಿರಿಯ ಹೆಣ್ಣುಮಕ್ಕಳನ್ನು ಕೇಳಿ, ಪ್ರತಿಯೊಂದು ಜೋಡಿಗೆ ಕನ್ನಡದಲ್ಲಿ ಏನೆನ್ನುತ್ತಾರೆ, ಮರಾಠಿಯಲ್ಲಿ ಏನೆನ್ನುತ್ತಾರೆ, ಕೊಂಕಣಿಯಲ್ಲಿ ಏನೆನ್ನುತ್ತಾರೆ, ಎದುರಿಗೆ ಹೇಗೆ ಕರೆಯುತ್ತಾರೆ, ಬೆನ್ನ ಹಿಂದೆ ಹೇಗೆ ಹೇಳುತ್ತಾರೆ ಎಂಬುದನ್ನು ಬರೆದಿಡಬೇಕು. ಕರ್ನಾಟಕ-ಮಹಾರಾಷ್ಟ್ರ ಗಡಿಯನ್ನು ಕುರಿತ ವಾದಕ್ಕೆ ಎರಡೂ ಕಡೆ ಬೇಕಾದಷ್ಟು ಕಾಗದ ಖರ್ಚಾಗಿದೆ. ಗಡಿಯ ಎರಡು ಭಾಷೆಗಳು ಪರಸ್ಪರ ಬೀಗರಾಗಿ ಬದುಕಿದ್ದಕ್ಕೆ ಸಾಕ್ಷಿಯಾದ ಪದಗಳಿಗೂ ಒಂದು ಪುಸ್ತಕದಷ್ಟು ಕಾಗದ ಸಲ್ಲಬೇಕು, ಆ ಪದಗಳನ್ನು ಬಲ್ಲವರು ಇರುವಾಗಲೇ ಸಲ್ಲಬೇಕು.